ಹೊಸ್ತಿಲಲ್ಲಿ ಹೇಳುವ ಮಾತು

ನನ್ನ ಮಗಳು ದಾನೇಶ್ವರಿ ಹುಟ್ಟಿದ ಮೂರನೆಯ ದಿನವೇ ನಾನು ಅವಳ ಫೋಟೋ ತೆಗೆದು ಮೊಬೈಲಿನಲ್ಲಿ ಊರಿಗೆಲ್ಲ ಹಂಚಿದೆ. ಅಂದು ಸಂಜೆ ನಲವತ್ತು ಜನ ನಮ್ಮ ಮನೆಯ ಮುಂದೆ ಸಾಲು ನಿಂತು, ಇನ್ನೂ ಸರಿಯಾಗಿ ಕಣ್ಣು ಬಿಡದ ಕೂಸಿನ ಎದುರು ಒಬ್ಬೊಬ್ಬರಾಗಿ "ಮುದ್ದಾಗೈತಿ" ಎಂದು ಹೇಳಿ ಹೋದರು. ನಮ್ಮ ಊರಿನ ಪದ್ಧತಿಯೇ ಹಾಗೆ. ಮಕ್ಕಳ ಚಿತ್ರದ ಕೆಳಗೆ ಯಾರು ಏನೇ ಬರೆಯಲಿ, ಅದೇ ದಿನ ಸಂಜೆ ಆ ಮಗುವಿನ ಮನೆಗೆ ಬಂದು, ಹೊಸ್ತಿಲಲ್ಲಿ ನಿಂತ ಮಗುವಿನ ಮುಖ ನೋಡಿ, ಬರೆದದ್ದನ್ನು ಬಾಯಿಬಿಟ್ಟು ಹೇಳಬೇಕು. ಹೇಳದೆ ಮಲಗಿದರೆ ಮರುದಿನ ಎದ್ದಾಗಿನಿಂದ ಅವರ ಬಾಯಲ್ಲಿ ಬೇರೆ ಮಾತೇ ಹೊರಡುವುದಿಲ್ಲ. ಹಾಲು ಬೇಕು ಎನ್ನಹೋದರೂ ಅದೇ, ಹೆಂಡತಿಯನ್ನು ಕರೆಯಹೋದರೂ ಅದೇ. ಮಳೆ ಯಾಕೆ ಮೇಲಿನಿಂದಲೇ ಬೀಳುತ್ತದೆ ಎಂದು ಕೇಳದ ನಮ್ಮ ಜನ ಇದನ್ನೂ ಯಾಕೆಂದು ಕೇಳಿದವರಲ್ಲ.

ಹಾಗಾಗಿ ಮಕ್ಕಳಿರುವ ಮನೆಗಳ ಮುಂದೆ ಒಂದು ಕಲ್ಲುಬೆಂಚು, ಒಂದು ನೀರಿನ ಹರವಿ ಇದ್ದೇ ಇರುತ್ತವೆ. ಜಾಣರು ಒಂದೇ ಮಾತು ಬರೆಯುತ್ತಾರೆ. ಕ್ಷೌರದ ಹೊಳೆಬಸಪ್ಪ ಒಮ್ಮೆ ಯಾರದೋ ಮೊಮ್ಮಗನ ಫೋಟೋ ಕೆಳಗೆ "ಅಬ್ಬಬ್ಬಾ" ಎಂದು ಬರೆದು, ಸಂಜೆ ಹೋಗುವಷ್ಟರಲ್ಲಿ ಆ ಮನೆಯವರು ಬೇರೆ ಊರಿಗೆ ಹೊರಟುಹೋಗಿ, ಮೂರು ದಿನ ಅಂಗಡಿಯಲ್ಲಿ ಎಲ್ಲರ ತಲೆ ಮುಗಿಸಿ ಕನ್ನಡಿ ಹಿಡಿದು "ಅಬ್ಬಬ್ಬಾ" ಎನ್ನುತ್ತಿದ್ದ. ಆ ವಾರ ಅವನಿಗೆ ಆದಷ್ಟು ಗಿರಾಕಿ ಯಾವತ್ತೂ ಆಗಿರಲಿಲ್ಲ.

ನಾನು ಹಿಟ್ಟಿನ ಗಿರಣಿಯ ರಾಚಪ್ಪ. ಜೋಳ ಬೀಸಿಸಲು ಬಂದವರು ಕಾಯುತ್ತ ಕೂತಿರುವಾಗ ನನ್ನ ಹಿಟ್ಟು ಮೆತ್ತಿದ ಫೋನನ್ನು ಅವರ ಮೂಗಿನ ಕೆಳಗೆ ಹಿಡಿಯುವುದು ನನ್ನ ಚಟ. ದಾನಿಯ ಮೊದಲ ಹಲ್ಲು, ಶಾಲೆಯ ಮೊದಲ ದಿನದ ಅಳು, ಮಂಗನಬಾವು ಬಂದು ಊದಿದ ಗಲ್ಲ, ಲೆಕ್ಕದ ಪರೀಕ್ಷೆಯ ಕೆಂಪು ಗುರುತು, ಒಂದನ್ನೂ ಬಿಟ್ಟವನಲ್ಲ. ಚಿಕ್ಕವಳಿದ್ದಾಗ ಅವಳಿಗೂ ಅದು ಆಟವೇ. ಡಬ್ಬ ಬೋರಲು ಹಾಕಿ ಅದರ ಮೇಲೆ ನಿಂತು, ಬಂದವರು ಹೇಳಿದ್ದಕ್ಕೆಲ್ಲ "ಹೂಂ, ಮುಂದಿನವ್ರು ಬರ್ರಿ" ಎನ್ನುತ್ತಿದ್ದಳು. ಜನ ನಕ್ಕು ಗಲ್ಲ ಹಿಂಡಿ ಹೋಗುತ್ತಿದ್ದರು.

ಹನ್ನೆರಡು ತುಂಬಿದಾಗ ಅವಳನ್ನು ಶಾಲೆಯ ಆಟದ ಟೀಚರ್ ಹಸೀನಾ ಹಿಡಿದರು. ನಮ್ಮ ದಾನಿ ಏಳುವುದು ಯಾವಾಗಲೂ ತಡ. ಶಾಲೆಯ ಪಡಸಾಲೆಯಲ್ಲಿ ಓಡಬಾರದೆಂಬ ಕಟ್ಟುನಿಟ್ಟು. ಇವಳು ಓಡದೆಯೇ, ಓಡುವವರನ್ನು ಹಿಂದೆ ಹಾಕುವಂತೆ ನಡೆದು ಪ್ರಾರ್ಥನೆಯ ಸಾಲು ಸೇರುತ್ತಿದ್ದಳು. "ನಡ್ಕೊಂತನ ಓಡ್ತೀಯಲ್ಲ ನೀ, ಇದಕ್ಕೂ ಒಂದು ಪಂದ್ಯ ಐತಿ, ಬಾ" ಎಂದು ಟೀಚರ್ ಅವಳನ್ನು ವೇಗದ ನಡಿಗೆಗೆ ಸೇರಿಸಿದರು. ಅದರ ನಿಯಮ ಎರಡೇ. ಒಂದು ಕಾಲು ಸದಾ ನೆಲದ ಮೇಲಿರಬೇಕು, ನೆಲಕ್ಕೂರಿದ ಕಾಲಿನ ಮೊಣಕಾಲು ಬಗ್ಗಬಾರದು. ಹಾಗೆ ಜೋರಾಗಿ ನಡೆದರೆ ಸೊಂಟ ಅತ್ತ ಇತ್ತ ತಿರುಗುತ್ತದೆ, ಮೊಣಕೈ ಎರಡೂ ಬಡಿಯುತ್ತವೆ. ಮೊದಲ ಸಲ ಮೈದಾನದಲ್ಲಿ ಅವಳನ್ನು ನೋಡಿದಾಗ ನನ್ನ ಗಂಟಲಿನವರೆಗೂ ನಗು ಬಂತು. ಅದನ್ನು ನುಂಗಿಕೊಂಡೇ ವಿಡಿಯೋ ತೆಗೆದೆ. ಮಧ್ಯಾಹ್ನ ಗಿರಣಿಯಲ್ಲಿ ಕೂತು, "ನನ್ನ ಮಗಳು ನಡೆದರೆ ಗಾಳಿಯೂ ಹಿಂದೆ" ಎಂದು ತಲೆಬರಹ ಕೊಟ್ಟು ಹಂಚಿದೆ.

ಅರವತ್ತೊಂದು ಜನ ಬರೆದರು. ಸಂಜೆ ಅಭ್ಯಾಸ ಮುಗಿಸಿ, ಮೀನಖಂಡ ಹಿಡಿದುಕೊಂಡು ಕುಂಟುತ್ತ ಬಂದ ದಾನಿಗೆ ಸಾಲು ಕಂಡದ್ದು ಓಣಿಯ ತಿರುವಿನಲ್ಲೇ. ಚೀಲ ಇಳಿಸಿ ಹೊಸ್ತಿಲಲ್ಲಿ ನಿಂತಳು. "ಛಲೋ ನಡದಿ." "ಊರಿನ ಹೆಸರು ತರ್ತಿ." "ಸೊಂಟ ಜ್ವಾಕಿ." ಒಬ್ಬ "ಇದೂ ಒಂದು ಆಟ ಏನು?" ಎಂದು ಬರೆದಿದ್ದ, ಅದನ್ನು ತನ್ನ ಚಪ್ಪಲಿ ನೋಡುತ್ತ ಮೆಲ್ಲಗೆ ಹೇಳಹೋದ. ದಾನಿ "ಮಾರಿ ನೋಡಿ ಹೇಳ್ರಿ" ಎಂದಳು. ಅವನು ಮುಖವೆತ್ತಿ ಹೇಳಿ, ಬೆವರು ಒರೆಸಿಕೊಂಡು ಹೋದ. ಅವಳು ಒಮ್ಮೆ ಈ ಕಾಲ ಮೇಲೆ, ಒಮ್ಮೆ ಆ ಕಾಲ ಮೇಲೆ ಭಾರ ಹಾಕುತ್ತಿದ್ದಳು. ನಾನು ಹರವಿಯ ಪಕ್ಕ ನಿಂತು ಎಲ್ಲರಿಗೂ ಉಬ್ಬುಬ್ಬಿ ನೀರು ಕೊಡುತ್ತಿದ್ದೆ.

"ಕೂಸು ಒಂದ ತುತ್ತು ಉಂಡಿಲ್ಲ. ಸಾಕ ಮಾಡ್ರಿನ್ನ" ಎಂದಳು ನನ್ನ ಹೆಂಡತಿ ನಿಂಬೆವ್ವ, ಒಳಗಿನಿಂದ.

"ಇನ್ನ ಎಂಟ ಮಂದಿ ಅದಾರ" ಎಂದೆ ನಾನು.

ಮರುದಿನ ಬೆಳಿಗ್ಗೆ ಬಸ್ ನಿಲ್ದಾಣದ ಧ್ವನಿವರ್ಧಕ ಎಂದಿನಂತೆ ಕರಕರ ಎಂದಿತು. ಅಲ್ಲಿ ಬಸ್ಸುಗಳನ್ನು ಕೂಗಿ ಹೇಳುವವನು ವಿರೂಪಣ್ಣ. ಮೂವತ್ತು ವರ್ಷದಿಂದ ಅವನ ಗಂಟೆಯಂಥ ದನಿ ಕೇಳಿಯೇ ನಮ್ಮ ಊರು ಹಲ್ಲುಜ್ಜುವುದು. ಅಂದು ಆ ದನಿ, ಅದೇ ಗಾಂಭೀರ್ಯದಲ್ಲಿ, "ಸಂತಿಗೆ ತಡಾದ ಬಾತುಕೋಳಿ ಹೊಂಟಂಗೈತಿ" ಎಂದಿತು. ಸ್ವಲ್ಪ ತಡೆದು, ಗಂಟಲು ಸರಿ ಮಾಡಿಕೊಂಡು, ಮತ್ತೆ ಅದನ್ನೇ ಎಂದಿತು. ಮೂರನೆಯ ಸಲ ಅರ್ಧಕ್ಕೇ ನಿಂತಿತು. ಹಿಂದಿನ ರಾತ್ರಿ ಊಟ ಮಾಡಿ ಮಲಗುವ ಮುಂಚೆ ಅವನು ನನ್ನ ವಿಡಿಯೋ ಕೆಳಗೆ ಅದನ್ನು ಬರೆದು, ನಾಳೆ ಹೋದರಾಯಿತು ಎಂದು ದೀಪ ಆರಿಸಿದ್ದನಂತೆ. ನಿಲ್ದಾಣದಲ್ಲಿ ಒಬ್ಬ ಅಜ್ಜಿ ಗಂಟು ಎತ್ತಿಕೊಂಡು, "ಬಾತುಕೋಳಿ ಬಸ್ಸು ಯಾವ ಕಡೆ ನಿಲ್ತೈತ್ರಿ?" ಎಂದು ಕೇಳುತ್ತ ಓಡಾಡಿದಳಂತೆ.

ಬಸ್ ನಿಲ್ದಾಣಕ್ಕೂ ಶಾಲೆಗೂ ನಡುವೆ ಒಂದೇ ಗೋಡೆ. ಪ್ರಾರ್ಥನೆಗೆ ನಿಂತ ನಾಲ್ಕುನೂರು ಮಕ್ಕಳು ಅದನ್ನು ಕೇಳಿದರು. ವಿಡಿಯೋ ನೋಡದವರು ಯಾರೂ ಇರಲಿಲ್ಲ. ದಾನಿ ಮಧ್ಯಾಹ್ನವೇ ಮನೆಗೆ ಬಂದು, ಅಡುಗೆಮನೆಯಲ್ಲಿ ಜೋಳದ ಚೀಲಗಳ ಸಂದಿಯಲ್ಲಿ ಕೂತಳು.

ಸಂಜೆ ವಿರೂಪಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಒಂದು ಚೀಲ ಪೇರಲಹಣ್ಣು ಹಿಡಿದು ಬಂದ. ಬಾಯಿ ಬಿಗಿಯಾಗಿ ಮುಚ್ಚಿಕೊಂಡಿದ್ದ. ಅವನ ಹಿಂದೆ ಅರ್ಧ ಓಣಿ.

"ದಾನೀ, ವಿರೂಪಣ್ಣ ಬಂದಾನವ್ವ" ಎಂದೆ.

"ನಾ ಬರೂದಿಲ್ಲ."

"ಕೇಳದಿದ್ರ ಅವನ ನಾಲಿಗಿ ಬಿಡೂದಿಲ್ಲ ಅಂತ ಗೊತ್ತಿಲ್ಲೇನು?"

"ಬರಿಯೂ ಮುಂದ ನನ್ನ ಕೇಳ್ಯಾನೇನು? ಕೇಳೂದು ಬಿಡೂದು ನನ್ನಿಷ್ಟ."

ನಮ್ಮ ಊರಿನಲ್ಲಿ ಅಲ್ಲಿಯವರೆಗೆ ಹೊಸ್ತಿಲಿಗೆ ಬರುವುದಿಲ್ಲ ಎಂದ ಮಗು ಇರಲಿಲ್ಲ. ಹೇಳುವವರಿಗೆ ಕಟ್ಟಳೆ ಇತ್ತೇ ಹೊರತು ಕೇಳುವವರಿಗೆ ಏನೂ ಇರಲಿಲ್ಲ ಎಂಬುದು ನಮಗೆ ಹೊಳೆದದ್ದೇ ಆಗ. ವಿರೂಪಣ್ಣ ಕತ್ತಲಾಗುವತನಕ ಬೆಂಚಿನ ಮೇಲೆ ಕೂತಿದ್ದು, ಹಣ್ಣಿನ ಚೀಲ ಅಲ್ಲೇ ಬಿಟ್ಟು ಹೋದ. ನಿಜ ಹೇಳಬೇಕೆಂದರೆ ಮೊದಲ ದಿನ ನನಗೆ ಒಳಗೊಳಗೇ ಖುಷಿಯಾಗಿತ್ತು. ನನ್ನ ಮಗಳಿಗೆ ಅಂದವನು ಅನುಭವಿಸಲಿ ಎಂದುಕೊಂಡೆ. ಎರಡನೆಯ ದಿನ ನಿಲ್ದಾಣದಲ್ಲಿ ಬಸ್ಸುಗಳ ಹೆಸರನ್ನು ಸೀಮೆಸುಣ್ಣದಲ್ಲಿ ಹಲಗೆಯ ಮೇಲೆ ಬರೆದು ನಿಲ್ಲಿಸಿದರು. ಓದಲು ಬಾರದವರು ಸಿಕ್ಕ ಬಸ್ಸು ಹತ್ತಿದರು. ಬೀಗರ ಊರಿಗೆ ಹೊರಟ ಒಂದು ದಿಬ್ಬಣ ಯಾರದೋ ಮನೆಯ ತೊಟ್ಟಿಲು ಶಾಸ್ತ್ರಕ್ಕೆ ಹೋಗಿ ಊಟ ಮುಗಿಸಿ ಬಂತು. ಮೂರನೆಯ ದಿನ ನಿಲ್ದಾಣದ ಮೇಲ್ವಿಚಾರಕರೇ ಗಿರಣಿಗೆ ಬಂದು ಕೈಮುಗಿದರು.

ನಾನು ಅಡುಗೆಮನೆಗೆ ಹೋಗಿ ದಾನಿಯ ಎದುರು ಕೂತೆ. "ಒಂದ ಮಿನಿಟು ನಿಂತ ಬಿಡವ್ವ. ಊರಿಗೆ ಊರ ತೊಂದರಿ ಆಗೇತಿ."

ಅವಳು ನನ್ನನ್ನೇ ನೋಡಿದಳು. "ನಡದಾಕಿ ನಾನು. ಬರದಾಂವ ಅವ. ತೋರಿಸಿದಾವ್ರು ಯಾರು?"

ನನಗೆ ಯಾವ ಕಟ್ಟಳೆಯೂ ಇಲ್ಲದೆಯೇ ನಾಲಿಗೆ ಹಿಡಿದಿತ್ತು.

"ಹಲ್ಲು ಬಿದ್ದಾಗ ನಿಂತೆ. ಬಾವು ಬಂದಾಗ ಮಾರಿ ಹಿಂಗಾಗಿತ್ತು, ಆಗೂ ನಿಂತೆ. ಲೆಕ್ಕದಾಗ ಫೇಲಾದಾಗ 'ಮುಂದಿನ ಸಲ ಪಾಸಾಗು' ಅಂತ ಇಪ್ಪತ್ತೇಳು ಮಂದಿ ಬಂದು ಹೇಳಿ ಹೋದ್ರು. ಸಣ್ಣಾಕಿ ಇದ್ದಾಗ ಛಲೋ ಅನಸ್ತಿತ್ತು. ಈಗ ಕಾಲು ನೋಯ್ತಾವ ಅಪ್ಪಾ. ನೀ ಒಮ್ಮಿನೂ ನನ್ನ ಕೇಳಿಲ್ಲ, ಹಾಕಲೇನು ಅಂತ."

"ಕೇಳಿಲ್ಲ" ಎಂದೆ. ಆಮೇಲೆ, ಹೇಳಿಬಿಡುವುದೇ ಒಳ್ಳೆಯದು ಅನ್ನಿಸಿ, "ಇನ್ನೊಂದು ಐತಿ. ಮೊದಲನೇ ಸಲ ನೀ ನಡಿಯೂದು ನೋಡಿ ನಂಗೂ ನಗು ಬಂದಿತ್ತು, ದಾನಿ" ಎಂದೆ.

"ಗೊತ್ತು" ಎಂದಳು. "ವಿಡಿಯೋ ಪೂರ್ತಿ ಅಲಗ್ಯಾಡ್ತೈತಿ."

ನಂತರ ಅವಳ ತುಟಿಯಂಚು ನಡುಗಿತು. ಅಳುತ್ತಾಳೆ ಎಂದುಕೊಂಡೆ. ನಕ್ಕಳು. ನಾನೂ ನಕ್ಕೆ. ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದ ನಿಂಬೆವ್ವ ಹಿಟ್ಟಿನ ಕೈಯಲ್ಲೇ ಸೆರಗು ಬಾಯಿಗೆ ಒತ್ತಿಕೊಂಡಳು.

ನಾಲ್ಕನೆಯ ದಿನ ಬೆಳಿಗ್ಗೆ ದಾನಿ ಮತ್ತೆ ಮೈದಾನಕ್ಕೆ ಹೊರಟಳು. ಫೋನನ್ನು ಮನೆಯಲ್ಲಿ ಬಿಟ್ಟು, ನೀರಿನ ತಂಬಿಗೆ ಹಿಡಿದು ನಾನೂ ಹೋದೆ. ನಿಲ್ದಾಣದ ಕಡೆಯ ಗೋಡೆಯ ಮೇಲೆ ವಿರೂಪಣ್ಣ ಕೂತಿದ್ದ. ಕೂಗುವ ಕೆಲಸವಿಲ್ಲ, ಮನೆಯಲ್ಲಿ ಮಾತಿಲ್ಲ, ಪಾಪ, ಎಲ್ಲಿಗೆ ಹೋದಾನು.

ಮೊದಲ ಸುತ್ತು ದಾನಿ ಅವನನ್ನು ನೋಡಲಿಲ್ಲ. ಎರಡನೆಯ ಸುತ್ತಿನಲ್ಲಿ ನಡಿಗೆ ತಗ್ಗಿಸದೆ, "ಇಲ್ಲೇನ್ ಮಾಡಾಕ್ಹತ್ತೀರಿ?" ಎಂದಳು.

"ಸಂತಿಗೆ ತಡಾದ ಬಾತುಕೋಳಿ ಹೊಂಟಂಗೈತಿ" ಎಂದ ವಿರೂಪಣ್ಣ, ತನ್ನ ಕಷ್ಟವನ್ನೆಲ್ಲ ಬಿಡಿಸಿ ಹೇಳುವವನಂತೆ. ಹೊಸ್ತಿಲಲ್ಲಿ ಹೇಳಿದರಷ್ಟೇ ಲೆಕ್ಕ. ಮೈದಾನದಲ್ಲಿ ಎಷ್ಟು ಸಲ ಅಂದರೂ ಅದು ಬಾಯಿಂದ ತೊಲಗುವುದಿಲ್ಲ.

ಮೂರನೆಯ ಸುತ್ತು. "ಮನಿಯಾಗ ಏನಂತಾರ?"

"ಸಂತಿಗೆ ತಡಾದ ಬಾತುಕೋಳಿ ಹೊಂಟಂಗೈತಿ." ಈ ಸಲದ ದನಿ ಕೇಳಿದರೆ ಆ ಬೆಳಿಗ್ಗೆ ಅವನಿಗೆ ಚಹಾ ಕೂಡ ಸಿಕ್ಕಿಲ್ಲ ಎಂದು ಯಾರಿಗಾದರೂ ತಿಳಿಯುತ್ತಿತ್ತು. ಹಸೀನಾ ಟೀಚರ್ ಸೀಟಿಯನ್ನು ಹಲ್ಲಿನಲ್ಲಿ ಕಚ್ಚಿ ನಗು ತಡೆದರು.

ನಾಲ್ಕನೆಯ ಸುತ್ತಿನಲ್ಲಿ ದಾನಿ, "ಸುಮ್ನ ಕೂಡೂ ಬದಲಿ ನನ್ನ ಮೊಣಕಾಲು ಬಗ್ಗತೈತೇನು ನೋಡ್ರಿ" ಎಂದು ಹೇಳಿ ಹೋದಳು. ವಿರೂಪಣ್ಣ ಗೋಡೆಯಿಂದ ಧುಮುಕಿ, ಪಂಚೆ ಎತ್ತಿ ಕಟ್ಟಿ, ನೆಲಕ್ಕೆ ಕುಕ್ಕರುಗಾಲಿನಲ್ಲಿ ಕೂತ. ಅವಳು ಎದುರು ಹಾದುಹೋದಾಗ ಕಣ್ಣು ಸಣ್ಣದು ಮಾಡಿ ನೋಡಿ, ತನ್ನ ಎಡ ಮೊಣಕಾಲಿಗೆ ಪಟಪಟ ಹೊಡೆದುಕೊಂಡು, ನ್ಯಾಯಾಧೀಶನ ದನಿಯಲ್ಲಿ ಅದೇ ಬಾತುಕೋಳಿಯ ತೀರ್ಪು ಕೊಟ್ಟ. ಟೀಚರ್ ಬಂದು ಅವನ ಪಕ್ಕ ಬಗ್ಗಿ ನೋಡಿದರು. "ಹೌದಲ್ಲ! ಎಡಗಾಲು ಒಂಚೂರು ಬಗ್ಗತೈತಿ. ಇಷ್ಟ ದಿನ ನಂಗ ಕಂಡೇ ಇರಲಿಲ್ಲ." ಮೂವತ್ತು ವರ್ಷ ಕಿಟಕಿಯಲ್ಲಿ ಕೂತು ಬಸ್ಸಿಗೆ ಬರುವ ಜನರ ಕಾಲು ನೋಡಿದವನು ಅವನು. ಊರಿನ ಪ್ರತಿಯೊಬ್ಬರನ್ನೂ ಮುಖ ಕಾಣುವ ಮೊದಲೇ ನಡಿಗೆಯಿಂದ ಗುರುತು ಹಿಡಿಯುತ್ತಿದ್ದ.

ಆಮೇಲೆ ಅವನು ಕೂರಲೇ ಇಲ್ಲ. ಮೈದಾನದ ಅಂಚಿನಲ್ಲಿ ಅವಳ ಜೊತೆಗೇ ಓಡುತ್ತ, ಆ ಗಂಟೆಯಂಥ ದನಿಯಲ್ಲಿ, ಒಂದೊಂದು ಹೆಜ್ಜೆಗೆ ಒಂದೊಂದು ತುಂಡು ಮಾಡಿ, "ಸಂತಿಗೆ! ತಡಾದ! ಬಾತು! ಕೋಳಿ!" ಎಂದು ಲಯ ಕೊಟ್ಟ. ದಾನಿಯ ಹೆಜ್ಜೆಗಳು ಅದಕ್ಕೆ ಸರಿಯಾಗಿ ಕೂತವು. ಅವಳು ಅಷ್ಟು ಸರಾಗವಾಗಿ ನಡೆದದ್ದನ್ನು ನಾನು ನೋಡಿರಲಿಲ್ಲ. ಕೊನೆಗೆ ಅವಳಿಗೆ ನಗು ತಡೆಯಲಾಗಲಿಲ್ಲ. "ನಗಬ್ಯಾಡ, ಕಾಲು ನೆಲಾ ಬಿಡ್ತಾವ!" ಎಂದು ಟೀಚರ್ ಕೂಗಿದರು. ಕೂಗುತ್ತಲೇ ತಾವೂ ನಕ್ಕರು.

ತಂಬಿಗೆ ಎತ್ತಿ ನೀರು ಕುಡಿದು, ಬಾಯಿ ಒರೆಸಿಕೊಂಡು ದಾನಿ ವಿರೂಪಣ್ಣನಿಗೆ ಹೇಳಿದಳು: "ಸಂಜಿಕ ಮನಿಗೆ ಬರ್ರಿ. ಕೇಳತೀನಿ."

ಆ ಸಂಜೆ ನಮ್ಮ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ದಾನಿ ತಲೆ ಬಾಚಿಕೊಂಡು ಹೊಸ್ತಿಲಿಗೆ ಬಂದು ನಿಂತಳು. ವಿರೂಪಣ್ಣ ಅವಳ ಮುಖ ನೋಡಿ, ತಡವರಿಸದೆ, ಆ ಮಾತನ್ನು ಪೂರ್ತಿ ಹೇಳಿದ. "ಕೇಳಿದೆ" ಎಂದಳು ಅವಳು. ಅವನು ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ.

"ನೀರು" ಎಂದ. ಜನ ಹೋ ಎಂದು ಕೂಗಿದರು. ನಾನು ಕೊಟ್ಟ ನೀರನ್ನು ಒಂದೇ ಗುಟುಕಿಗೆ ಕುಡಿದು ಅವನು ದಾನಿಯ ಕಡೆ ತಿರುಗಿದ. "ಹತ್ತ ಮಂದಿ ನಗಲಿ ಅಂತ ಬರದೆ, ತಂಗಿ. ಬರಿಯೂವಾಗ ನಿನ್ನ ಮಾರಿ ಕಣ್ಣಮುಂದ ಬರಲಿಲ್ಲ."

"ಈಗ ಬಂತಲ್ಲ, ಬಿಡ್ರಿ" ಎಂದಳು ದಾನಿ. "ನಾಳೆ ಬೆಳಿಗ್ಗೆ ಎಡಗಾಲು ನೋಡಾಕ ಬರ್ರಿ. ಟೀಚರ್‌ಗೆ ಕಣ್ಣು ಸ್ವಲ್ಪ ಮಂದ ಐತಿ."

ಭಾನುವಾರ ಗಿರಣಿಗೆ ರಜೆ. ಬೆಳಿಗ್ಗೆ ದಾನಿಯ ಕೈಗೆ ನನ್ನ ಫೋನು ಕೊಟ್ಟೆ. "ಇದರಾಗ ನಿಂಗ ಬ್ಯಾಡಾದದ್ದೆಲ್ಲ ತಗದು ಹಾಕು." ಹನ್ನೆರಡು ವರ್ಷದ ಚಿತ್ರಗಳು. ಅವಳು ಮಂಚದ ಮೇಲೆ ಕಾಲು ಮಡಚಿ ಕೂತು ಒಂದೊಂದೇ ತೆಗೆಯುತ್ತ ಹೋದಳು. ಶಾಲೆಯ ಮೊದಲ ದಿನದ ಅಳು ಹೋಯಿತು. ಲೆಕ್ಕದ ಪರೀಕ್ಷೆ ಹೋಯಿತು. ಮೂರನೆಯ ತರಗತಿಯಲ್ಲಿ ಹಾಡಿಗೆ ಬಂದ ಪದಕ ಹಾಕಿಕೊಂಡು ನಿಂತದ್ದೂ ಹೋಯಿತು. ನಾನು ಚಾಚಿದ ಕೈಯನ್ನು ಹಿಂದೆ ತೆಗೆದೆ. ಮಂಗನಬಾವಿನ ಚಿತ್ರ ಬಂದಾಗ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇದು ಇರಲಿ. ಎಷ್ಟ ಚಂದ ಅದೀನಿ ನೋಡಪ್ಪಾ, ಎರಡೂ ಗಲ್ಲದಾಗ ಉಂಡಿ ಇಟ್ಕೊಂಡಂಗ." ನಡಿಗೆಯ ವಿಡಿಯೋ ಬಂದಾಗ ನಾನು ಕಣ್ಣು ಬೇರೆ ಕಡೆ ಹೊರಳಿಸಿದೆ. ಅವಳು ಅದನ್ನೂ ಉಳಿಸಿಕೊಂಡಳು. ಎಡಗಾಲು ಬಗ್ಗುವುದು ಅದರಲ್ಲಿ ಸರಿಯಾಗಿ ಕಾಣುತ್ತದಂತೆ.

ಸುತ್ತಲಿನ ಏಳು ಊರುಗಳ ಶಾಲೆಗಳ ಸ್ಪರ್ಧೆ ಮುಂದಿನ ಗುರುವಾರ ನಮ್ಮ ಮೈದಾನದಲ್ಲೇ ನಡೆಯಿತು. ಕೆಲಸದ ದಿನ, ಬೆಳಗಿನ ಹೊತ್ತು. ಊರಿನ ಜನ ಹೆಚ್ಚು ಬಂದಿರಲಿಲ್ಲ. ವಿರೂಪಣ್ಣನಿಗೂ ಬಸ್ಸುಗಳನ್ನು ಕೂಗುವ ಪಾಳಿ. ಹಸೀನಾ ಟೀಚರ್ ನನ್ನನ್ನು ನೀರಿನ ಮೇಜಿಗೆ ನಿಲ್ಲಿಸಿದರು. ಹದಿನಾಲ್ಕು ಹುಡುಗಿಯರು, ಹದಿನೈದು ಸುತ್ತು. ಲೋಟ ತುಂಬುವುದು, ಚಾಚಿದ ಕೈಗೆ ಕೊಡುವುದು, ಬಿದ್ದ ಲೋಟ ಆರಿಸುವುದು, ಇದರಲ್ಲೇ ನನಗೆ ತಲೆ ಎತ್ತಲು ಪುರುಸೊತ್ತಿಲ್ಲ. ಸುತ್ತಿಗೊಮ್ಮೆ ದಾನಿಯ ಕೆಂಪಾದ ಮುಖ, ಒದ್ದೆ ಕೈ, ಇಷ್ಟೇ ನನಗೆ ಕಂಡದ್ದು. ತಪ್ಪು ಹೆಜ್ಜೆಗೆ ತೀರ್ಪುಗಾರರು ಕೆಂಪು ಚೀಟಿ ಕೊಡುತ್ತಾರೆ, ಮೂರಾದರೆ ಹೊರಗೆ. ಹತ್ತನೆಯ ಸುತ್ತಿನ ಹೊತ್ತಿಗೆ ಹಲಗೆಯ ಮೇಲೆ ಅವಳ ಹೆಸರಿನ ಮುಂದೆ ಎರಡು ಕೆಂಪು ಗುರುತು ಕಂಡು ತುಂಬಿದ ಲೋಟಕ್ಕೇ ಮತ್ತೆ ನೀರು ಸುರಿದೆ. ಆಮೇಲೆ ಏನಾಯಿತೋ, ಕೊನೆಗೆ ಅವಳು ಎರಡನೆಯವಳಾಗಿ ಗೆರೆ ದಾಟಿದಳು ಎಂದು ಕೂಗಿದರು. ನಾನು ಲೋಟಗಳನ್ನು ಅಲ್ಲೇ ಬಿಟ್ಟು ಓಡಿದೆ.

ಫೋನು ಜೇಬಿನಲ್ಲೇ ಇತ್ತು. ತೆಗೆದಿರಲಿಲ್ಲ.

ಸಂಜೆ ಬಾಗಿಲು ಬಡಿದ ಸದ್ದು. ಹೊರಗೆ ಹೊಳೆಬಸಪ್ಪ, ಪಕ್ಕದ ಮನೆಯ ಇಬ್ಬರು, ನಿಲ್ದಾಣದ ಮೇಲ್ವಿಚಾರಕರು. "ಏನ್ರಿ ರಾಚಪ್ಪ, ದಾನಿ ಎರಡನೇ ನಂಬರ್ ಬಂದ್ಲಂತ. ನಿಮ್ಮ ಫೋನಿನಾಗ ಏನೂ ಬರಲೇ ಇಲ್ಲ?" ಎಂದ ಹೊಳೆಬಸಪ್ಪ.

"ತಗದಿಲ್ರಿ" ಎಂದೆ.

"ಮತ್ತ ನಾವು ನೋಡೂದು ಹ್ಯಾಂಗ?"

ಬರೆದವರು ಯಾರೂ ಇಲ್ಲ, ಹೇಳಲು ಬಂದವರೂ ಇಲ್ಲ. ಆದರೂ ಜನ ಬರುತ್ತಲೇ ಇದ್ದರು. ಬೆಂಚು ತುಂಬಿತು, ಕಟ್ಟೆ ತುಂಬಿತು, ಕೆಲವರು ಓಣಿಯ ನೆಲದ ಮೇಲೇ ಕೂತರು. ಪಾಳಿ ಮುಗಿಸಿ ವಿರೂಪಣ್ಣನೂ ಬಂದ. ನಾನು ಅಂಗಳದಲ್ಲಿ ನಿಂತು, ಮೊಣಕೈ ಬಡಿಯುತ್ತ, ಕಂಡಷ್ಟನ್ನು ಹೇಳತೊಡಗಿದೆ. "ಏಳನೇ ಸುತ್ತಿನಾಗ ಮೊದಲನೇ ಕೆಂಪು ಚೀಟಿ ಬಂತ್ರಿ. ಆಗ ಆ ಎತ್ತರದ ಹುಡುಗಿ..."

"ಅಪ್ಪಾ, ಅದು ಎಂಟನೇದು" ಎಂದಳು ದಾನಿ ಒಳಗಿನಿಂದ.

"ಎಂಟನೇ ಸುತ್ತಿನಾಗ ಎತ್ತರದ ಹುಡುಗಿ ಇವಳನ್ನ ದಾಟಿದ್ಲು. ಇವಳು..."

"ದಾಟಲಿಲ್ಲ. ನಾನ ಬಿಟ್ಟೆ."

"ಬಿಟ್ಟಿ? ಯಾಕ?" ಎಂದೆ ನಾನು ಒಳಗೆ ತಿರುಗಿ. ಅದು ನನಗೂ ಗೊತ್ತಿರಲಿಲ್ಲ.

ದಾನಿ ಬಿಸಿನೀರಲ್ಲಿ ನೆನೆಸಿದ್ದ ಕಾಲು ಒರೆಸಿಕೊಂಡು, ಒಂದು ರೊಟ್ಟಿ ಸುರುಳಿ ಮಾಡಿ ಕೈಯಲ್ಲಿ ಹಿಡಿದು ಹೊರಗೆ ಬಂದಳು. ಹೊಸ್ತಿಲ ಮೇಲೆ ಕೂತಳು. ನಿಲ್ಲಲಿಲ್ಲ. ರೊಟ್ಟಿ ಒಂದು ತುತ್ತು ಕಡಿದು, ಅಗಿದು, ನುಂಗಿ, "ಅಪ್ಪಗ ನೀರಿನ ಮೇಜಿನಿಂದ ಏನೂ ಕಂಡಿಲ್ಲ. ನಾ ಹೇಳತೀನಿ, ಮೊದಲಿಂದ ಕೇಳ್ರಿ" ಎಂದಳು.

ಸೀಟಿ ಊದುವ ಮೊದಲು ಎಡ ಮೊಣಕಾಲನ್ನು ಮೂರು ಸಲ ಮುಟ್ಟಿ ನೋಡಿಕೊಂಡದ್ದು, ಪಕ್ಕದ ಊರಿನ ಹುಡುಗಿಯ ಬೂಟಿನ ದಾರ ಬಿಚ್ಚಿದ್ದನ್ನು ಹೇಳಬೇಕೋ ಬೇಡವೋ ಎಂದು ಒಂದು ಪೂರ್ತಿ ಸುತ್ತು ಯೋಚಿಸಿ ಕೊನೆಗೆ ಹೇಳಿದ್ದು, ಎಂಟನೆಯ ಸುತ್ತಿನಲ್ಲಿ ಇನ್ನೊಂದು ಚೀಟಿ ಬರದಿರಲೆಂದು ನಡಿಗೆ ತಗ್ಗಿಸಿ ಎತ್ತರದ ಹುಡುಗಿಯನ್ನು ಮುಂದೆ ಬಿಟ್ಟದ್ದು, ಎರಡನೆಯ ಕೆಂಪು ಚೀಟಿ ಬಂದ ಮೇಲೆ ಆಚೆ ತಿರುವಿನಲ್ಲಿ ಯಾರಿಗೂ ಕಾಣದಂತೆ ಅತ್ತದ್ದು, ಅಳುತ್ತ ನಡೆದರೆ ಮೊಣಕಾಲು ತಾನೇ ನೆಟ್ಟಗಿರುತ್ತದೆ ಎಂದು ಗೊತ್ತಾದದ್ದು, ಎಲ್ಲ ಒಂದೊಂದಾಗಿ ಹೇಳಿದಳು. ಅಳುವಿನ ಮಾತಿಗೆ ಅವಳೇ ನಕ್ಕಳು, ಜನವೂ ನಕ್ಕಿತು. ನಾನು ಅಂಗಳದ ಮೂಲೆಯಲ್ಲಿ ಹರವಿಗೆ ಒರಗಿ ಕೂತು, ನನ್ನ ಮಗಳು ನಡೆದದ್ದನ್ನು ಮೊದಲ ಸಲ ಕೇಳುತ್ತಿದ್ದೆ. ನಿಂಬೆವ್ವ ಎರಡನೆಯ ರೊಟ್ಟಿ ತಂದು ಅವಳ ಕೈಗೆ ಇಟ್ಟು, ತಾನೂ ಪಕ್ಕದಲ್ಲಿ ಕೂತಳು. ಬೀದಿದೀಪ ಹತ್ತಿದಾಗ ಕತೆ ಇನ್ನೂ ಹನ್ನೊಂದನೆಯ ಸುತ್ತಿನಲ್ಲಿತ್ತು. ಯಾರೂ ಏಳಲಿಲ್ಲ.